ಏಕಾಂತಮ್ಮ ಬೇಯಿಸಿದ ಹಲ್ಲು

ಕಟ್ಟುವ ಹಲ್ಲು ಬೇಯುವುದಕ್ಕೆ ಎರಡು ಗಂಟೆ ಬೇಕು. ಮೊದಲು ಒಂದೂವರೆ ಗಂಟೆ ಎಪ್ಪತ್ತನಾಲ್ಕು ಡಿಗ್ರಿಯ ನೀರಿನಲ್ಲಿ, ಆಮೇಲೆ ಅರ್ಧ ಗಂಟೆ ಕುದಿಯುವ ನೀರಿನಲ್ಲಿ. ಅವಸರ ಮಾಡಿದರೆ ಕೆಡುತ್ತದೆ. ಇದನ್ನು ಚಿತ್ರದುರ್ಗದಲ್ಲಿ ಏಕಾಂತಮ್ಮನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಗುಳ್ಳೆ ಬಿದ್ದ ಹಲ್ಲಿನ ಸೆಟ್ಟು ಒಂದೂ ಹೊರಗೆ ಬಂದಿರಲಿಲ್ಲ. ಒಂದು ಬಂದದ್ದು ಕಳೆದ ಫೆಬ್ರವರಿಯಲ್ಲಿ. ಅದಕ್ಕೆ ಕಾರಣ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಎಂದು ಏಕಾಂತಮ್ಮ ಕೆಲವು ದಿನ ತನಗೆ ತಾನೇ ಹೇಳಿಕೊಂಡಳು.

ಅವಳು ಕೆಲಸ ಮಾಡುವುದು ಎಸ್ತರ್ ಲ್ಯೂ ಅವರ ಹಲ್ಲಿನ ಲ್ಯಾಬಿನಲ್ಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಬಸ್ಸಿಗೆ ಹಾಕಿ ಕಳಿಸುತ್ತಾರೆ. ಇಲ್ಲಿ ಹಲ್ಲು ತಯಾರಾಗಿ ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತದೆ. ಎಸ್ತರಮ್ಮನಿಗೆ ಎಪ್ಪತ್ತು ವರ್ಷ. ಹುಟ್ಟಿದ್ದು, ಓದಿದ್ದು, ಬೆಳೆದದ್ದು ಎಲ್ಲ ದುರ್ಗದಲ್ಲಿ. ಮುಖ ಮಾತ್ರ ಚೀನಾದ್ದು. ಬಸ್ಸಿನ ಹೊಸ ಕಂಡಕ್ಟರುಗಳು ಅವರನ್ನು ಹಿಂದಿಯಲ್ಲಿ ಮಾತಾಡಿಸುತ್ತಾರೆ. ಅವರು, "ಮೊದ್ಲು ಚಿಲ್ಲರೆ ಕೊಡಪ್ಪ, ಆಮ್ಯಾಲೆ ಹಿಂದಿ ಕಲಿಯಾಣ" ಅನ್ನುತ್ತಾರೆ. ಆಮೇಲೆ ಇಡೀ ಬಸ್ಸು ಕಂಡಕ್ಟರನ ಮುಖ ನೋಡುತ್ತದೆ.

ಎಸ್ತರಮ್ಮನ ತಾತ ಹಲ್ಲು ಕಟ್ಟುವ ಪೆಟ್ಟಿಗೆ ಹೊತ್ತು ಚೀನಾದಿಂದ ಕಲ್ಕತ್ತಕ್ಕೆ ಬಂದವರು. ತಂದೆ ಕಲ್ಕತ್ತದಿಂದ ಹುಬ್ಬಳ್ಳಿಗೆ, ಅಲ್ಲಿಂದ ದುರ್ಗಕ್ಕೆ ಬಂದರು. ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಆಗ ಅವರ ಪೈಕಿಯ ಕೆಲವು ಮನೆಗಳಿದ್ದವು. ಅವರ ಹೊಸ ವರ್ಷಕ್ಕೆ ಮನೆಯ ಹಿರಿಯರು ಮಕ್ಕಳಿಗೆ ಕೆಂಪು ಕಾಗದದ ಪೊಟ್ಟಣದಲ್ಲಿ ನಾಣ್ಯ ಇಟ್ಟು ಕೊಡುತ್ತಿದ್ದರು. ಕೊಡುವುದು ಎಂದರೆ ಆ ಜನಕ್ಕೆ ಅಷ್ಟೇ ಇತ್ತು: ತಮ್ಮವರಿಗೆ ತಾವು. ಅರವತ್ತೆರಡರ ಯುದ್ಧದಲ್ಲಿ ಎಸ್ತರಮ್ಮನ ತಂದೆ ಪ್ರತಿ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕಾಯಿತು. ಗಿರಾಕಿಗಳು ಬರುವುದು ನಿಂತಿತು, ಹಾಲಿನವನೂ ಬಾಗಿಲಿಗೆ ಬರಲಿಲ್ಲ. ಚರ್ಚಿನ ಅಯ್ಯನವರೊಬ್ಬರು ಮಾತ್ರ ಪ್ರತಿ ಸೋಮವಾರ ಬೆಳಿಗ್ಗೆ ಬಂದು, ಏನೂ ಮಾತಾಡದೆ, ಠಾಣೆಯ ತನಕ ಅವರ ಜೊತೆ ನಡೆದು ಹೋಗುತ್ತಿದ್ದರು. ಎರಡು ವರ್ಷ ಹೀಗೆ ನಡೆದ ಮೇಲೆ ಎಸ್ತರಮ್ಮನ ತಂದೆ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದರು. ಅಷ್ಟು ಹೊತ್ತಿಗೆ ದಾವಣಗೆರೆಯ ಮನೆಗಳು ಖಾಲಿಯಾಗಿದ್ದವು. ಕೆಂಪು ಪೊಟ್ಟಣ ಕೊಡೋಣವೆಂದರೆ ತಮ್ಮವರ ಮಕ್ಕಳೇ ಉಳಿದಿರಲಿಲ್ಲ. ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ದೇವರದು ಎಂದು ಚರ್ಚಿನಲ್ಲಿ ಕೇಳಿ ಬಂದ ದಿನ ಆತ ಬಡಗಿಯನ್ನು ಕರೆಸಿ ಒಂದು ಗೋಡೆಗೂಡು ಮಾಡಿಸಿದರು. ಅದಕ್ಕೆ ಒಂಬತ್ತೇ ಖಾನೆ. ಒಂಬತ್ತು ಬಾಯಿಯ ಅಚ್ಚುಗಳು ಖಾನೆ ತುಂಬಿದ ಮೇಲೆ ಹತ್ತನೆಯದಕ್ಕೆ ಅಲ್ಲಿ ಜಾಗವಿಲ್ಲ. ಅದು ಕಿಟಕಿಯ ಮೇಲೆ ಕೂರಬೇಕು. ಕಿಟಕಿಯ ಮೇಲೆ ಕೂರುವ ಸೆಟ್ಟು ಕೊಳ್ಳಲಾಗದ ಯಾರಿಗಾದರೂ ಹೋಗುತ್ತದೆ. ಯಾರು ಕೊಟ್ಟರು ಎಂದು ಪಡೆದವರಿಗೆ ಹೇಳುವಂತಿಲ್ಲ. ಎಸ್ತರಮ್ಮನೂ ಅದನ್ನೇ ನಡೆಸಿಕೊಂಡು ಬಂದಿದ್ದರು.

ರಾಮಗಿರಿಯ ಏಕಾಂತಮ್ಮ ಮದುವೆಯಾಗಿ ದುರ್ಗಕ್ಕೆ ಬಂದವಳು. ಗಂಡ ಓಬಳೇಶಪ್ಪ ಎಪಿಎಂಸಿಯಲ್ಲಿ ಹಮಾಲಿ. ಅವಳು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಲ್ಯಾಬಿನ ಕಸ ಗುಡಿಸಲು, ಪ್ಲಾಸ್ಟರಿನ ಗಾರೆ ಮೆತ್ತಿದ ಬಟ್ಟಲು ತೊಳೆಯಲು ಸೇರಿದಳು. ತೊಳೆಯುತ್ತ ನೋಡಿದಳು, ನೋಡುತ್ತ ಕಲಿತಳು. ಅಚ್ಚಿಗೆ ಗಾರೆ ಹೊಯ್ಯುವುದು, ಮೇಣ ಕರಗಿಸಿ ತೆಗೆಯುವುದು, ಗುಲಾಬಿ ಬಣ್ಣದ ಪುಡಿಗೆ ಘಾಟು ದ್ರವ ಬೆರೆಸಿ ಹಿಟ್ಟಿನ ಹದಕ್ಕೆ ತಂದು ಹಿತ್ತಾಳೆಯ ಡಬ್ಬಿಯಲ್ಲಿ ತುಂಬುವುದು, ಬೇಯಿಸುವುದು, ಉಜ್ಜಿ ಹೊಳಪು ಕೊಡುವುದು, ಎಲ್ಲ ಬಂತು. ಬಾರದೆ ಉಳಿದದ್ದು ಒಂದೇ: ಹಲ್ಲು ಜೋಡಿಸುವುದು. ಮೇಣದ ದಿಂಡಿನ ಮೇಲೆ ಮೇಲಿನ ಹದಿನಾಲ್ಕು, ಕೆಳಗಿನ ಹದಿನಾಲ್ಕು ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ, ಎರಡು ದವಡೆಯೂ ಕಚ್ಚುವಂತೆ ಕೂರಿಸುವ ಕೆಲಸ. ಅದನ್ನು ಎಸ್ತರಮ್ಮ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ತಾವೇ ಮಾಡುತ್ತಿದ್ದರು. ಜೋಡಿಸಿದವರೇ ಹಲ್ಲು ಮಾಡಿದವರು; ಉಳಿದವರು ಬೇಯಿಸಿದವರು. ಎಸ್ತರಮ್ಮನಿಗೆ ಮಕ್ಕಳಿಲ್ಲ. ಎಂದಾದರೂ ಒಂದು ದಿನ ಆ ಸ್ಟೂಲು ತನ್ನದು ಎಂಬುದರಲ್ಲಿ ಏಕಾಂತಮ್ಮನಿಗೆ ಸಂಶಯವಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ. ದೊಡ್ಡವರಿಗೆ ತಿಳಿಯುವುದಿಲ್ಲವೇ.

ಕಳೆದ ಜೂನಿನಲ್ಲಿ ಹಿರಿಯೂರಿನ ಕಡೆಯ ಅನುಷಾ ಕೆಲಸಕ್ಕೆ ಸೇರಿದಳು. ಆಗಸ್ಟಿನ ಹೊತ್ತಿಗೆ ಅವಳು ಆ ಸ್ಟೂಲಿನ ಮೇಲೆ ಕೂತಿದ್ದಳು.

ಏಕಾಂತಮ್ಮ ಆ ದಿನ ಹೊಳಪು ಕೊಡುತ್ತಿದ್ದ ಸೆಟ್ಟನ್ನು ಬೇಕಾದ್ದಕ್ಕಿಂತ ಮೂರು ಪಟ್ಟು ಹೊತ್ತು ಉಜ್ಜಿದಳು. ಎಸ್ತರಮ್ಮ ಹುಡುಗಿಯ ಹಿಂದೆ ನಿಂತು, ಅವಳ ಬೆರಳಿನ ಮೇಲೆ ತಮ್ಮ ಬೆರಳಿಟ್ಟು, ಮೇಣದ ಚಾಕು ಹಿಡಿಯುವುದನ್ನು ತೋರಿಸುತ್ತಿದ್ದರು. ಅದು ಅವರ ತಂದೆಯ ಚಾಕು, ಮೂಳೆಯ ಹಿಡಿಯದು. ಹತ್ತೊಂಬತ್ತು ವರ್ಷ ಅದನ್ನು ಒರೆಸಿ ಇಟ್ಟವಳು ಏಕಾಂತಮ್ಮ. ಹುಡುಗಿ ಎಸ್ತರಮ್ಮನನ್ನು ಅಜ್ಜಿ ಎಂದು ಕರೆದಳು, ಎಸ್ತರಮ್ಮ ಓಗೊಟ್ಟರು. ಏಕಾಂತಮ್ಮನನ್ನು ಆಂಟಿ ಎಂದಳು. ಆ ಶಬ್ದ ಏಕಾಂತಮ್ಮನ ಕಣ್ಣಿಗೆ ಗಾರೆಯ ಕಣದಂತೆ ಬಿತ್ತು.

ಅಲ್ಲಿಂದ ಮುಂದೆ ಅವಳ ತಲೆಯೊಳಗೆ ಒಂದು ತಕ್ಕಡಿ ಆಡತೊಡಗಿತು. ಇವಳು ಬಂದು ಎರಡು ತಿಂಗಳು, ತಾನು ಬಂದು ಹತ್ತೊಂಬತ್ತು ವರ್ಷ. ಕೊರೊನಾ ಕಾಲದಲ್ಲಿ ಓಣಿಯ ನಾಲ್ಕು ಜನ ಬಂದು, ಚೀನಿ ಹೆಂಗಸು ಇಲ್ಲಿರಬಾರದು ಎಂದು ಲ್ಯಾಬಿನ ಬಾಗಿಲು ಬಡಿದಾಗ ಕಸಪೊರಕೆ ಹಿಡಿದು ಹೊಸ್ತಿಲ ಮೇಲೆ ನಿಂತವಳು ತಾನು. ಆಗ ಇವಳೆಲ್ಲಿದ್ದಳು? ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತೆಂದು ಹಿರಿಯೂರಿನಲ್ಲಿ ಕುಣಿಯುತ್ತಿದ್ದಿರಬೇಕು. ಹುಡುಗಿಯ ಬೆರಳು ಉದ್ದ, ತನ್ನ ಬೆರಳು ಮೊಂಡು. ಹುಡುಗಿ ನಗುವಾಗ ಅವಳ ಸ್ವಂತ ಹಲ್ಲುಗಳೇ ಅಂಗಡಿಯ ಮಾದರಿಯ ಹಾಗೆ ಸಾಲಾಗಿದ್ದವು. ಅದೂ ಒಂದು ಅಪರಾಧವೇ ಆಯಿತು.

ಮನೆಯಲ್ಲಿ ಓಬಳೇಶಪ್ಪ ಸಾಕಾಗಿ ಹೇಳಿದ: "ಆ ಹುಡ್ಗಿ ಹೆಸ್ರು ನಮ್ಮನೇಲಿ ದಿನಕ್ಕೆ ನಲವತ್ತು ಸಲ ಬರ್ತೈತೆ ಕಣೇ. ರೇಷನ್ ಕಾರ್ಡಿಗಾದ್ರೂ ಸೇರಿಸ್ಬಿಡಾಣ, ಅಕ್ಕಿ ಬರ್ಲಿ."

ಫೆಬ್ರವರಿಯಲ್ಲಿ ಕಿಟಕಿಯ ಮೇಲೆ ಕೂತ ಹತ್ತನೆಯ ಅಚ್ಚು ಪುಟ್ಟಕ್ಕನದು. ಪುಟ್ಟಕ್ಕ ಏಕಾಂತಮ್ಮನ ಊರಿನವಳು, ದೂರದ ಸಂಬಂಧದಲ್ಲಿ ದೊಡ್ಡಮ್ಮ, ಎಪ್ಪತ್ತಾರು ವರ್ಷ. ಹತ್ತನೆಯ ಸೆಟ್ಟು ಯಾರಿಗೆ ಎಂದು ಹುಡುಕುವ ಕೆಲಸ ಏಕಾಂತಮ್ಮನದೇ ಆಗಿತ್ತು. ಅದನ್ನವಳು ಕೆಲಸವೆಂದು ಎಣಿಸಿರಲಿಲ್ಲ. ಮುದ್ದೆ ತಿನ್ನುವವರಿಗೆ ಹಲ್ಲು ಯಾಕೆ ಎಂದು ಅವಳು ಕೇಳಿದಾಗ ಪುಟ್ಟಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ, ಮುದ್ದೆ ನುಂಗಲು ಬೇಡ, ಕಡಲೆಕಾಯಿಗೆ ಬೇಕು, ಮೊಮ್ಮಗಳು ಸ್ವಾತಿಯ ಮದುವೆಯ ಫೋಟೋಕ್ಕೂ ಬೇಕು ಅಂದಿದ್ದಳು. ಹೊಳಲ್ಕೆರೆಯ ದಂತವೈದ್ಯ ಶ್ರೀನಿವಾಸ್ ಬಿಟ್ಟಿಯಾಗಿ ಅಚ್ಚು ತೆಗೆದು ಕಳಿಸಿದ್ದರು. ಮದುವೆಗೆ ಎರಡು ವಾರ ಇತ್ತು.

ಈ ಸೆಟ್ಟನ್ನು ಅನುಷಾ ಒಬ್ಬಳೇ ಜೋಡಿಸಲಿ ಎಂದರು ಎಸ್ತರಮ್ಮ. ಮೊದಲ ಪೂರ್ತಿ ಸೆಟ್ಟು ದಾನದ್ದಾಗಿದ್ದರೆ ಕೈಗೆ ಒಳ್ಳೆಯದು ಎಂದು ಅವರ ತಂದೆ ಹೇಳುತ್ತಿದ್ದರಂತೆ. ಹುಡುಗಿ ಎರಡು ದಿನ ಊಟ ಮರೆತು ಜೋಡಿಸಿದಳು. ಏಕಾಂತಮ್ಮ ತಪ್ಪು ಹುಡುಕಲು ಕತ್ತು ಚಾಚಿ ನೋಡಿದಳು. ತಪ್ಪು ಇರಲಿಲ್ಲ. ಮೇಲಿನ ಒಂದು ಕೋರೆಹಲ್ಲನ್ನು ಹುಡುಗಿ ಬೇಕೆಂದೇ ಒಂದಿಷ್ಟು ಓರೆ ಮಾಡಿದ್ದಳು. ಎಪ್ಪತ್ತಾರರ ಬಾಯಲ್ಲಿ ಎಲ್ಲ ನೆಟ್ಟಗಿದ್ದರೆ ಕಟ್ಟಿಸಿದ್ದೆಂದು ಗೊತ್ತಾಗುತ್ತದಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಸ್ತರಮ್ಮ ಅದನ್ನು ನೋಡಿ ಹುಡುಗಿಯ ತಲೆ ಸವರಿದರು.

ಶುಕ್ರವಾರ ಬೆಳಿಗ್ಗೆ ಎಸ್ತರಮ್ಮ ಹೊಸದುರ್ಗಕ್ಕೆ ಹೊರಟರು, ಅಲ್ಲಿನ ವೈದ್ಯರಿಗೆ ಅನುಷಾಳನ್ನು ಪರಿಚಯಿಸಲು. ಇನ್ನು ಮುಂದೆ ಏನಿದ್ದರೂ ಇವಳಿಗೆ ಹೇಳಿ ಎನ್ನಲು. ಏಕಾಂತಮ್ಮನಿಗೆ, ಪುಟ್ಟಕ್ಕನ ಸೆಟ್ಟು ಬೇಯಿಸಿಡು, ಬೇಯಿಸುವ ವಿಷಯ ನಿನಗೆ ಹೇಳುವುದೇನಿದೆ ಎಂದು ಹೋದರು. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಯಾರಿಗೂ ಯಾರೂ ಪರಿಚಯ ಮಾಡಿಸಿರಲಿಲ್ಲ.

ಒಳಗೆ ಬಂದು ಡಬ್ಬಿಯನ್ನು ನೀರಿಗಿಳಿಸಿದಳು. ಥರ್ಮಾಮೀಟರು ನೇತುಹಾಕಿದಳು. ಎಪ್ಪತ್ತನಾಲ್ಕಕ್ಕೆ ಬಂತು. ಅಲ್ಲಿ ಉರಿ ತಗ್ಗಿಸಬೇಕು. ಅವಳ ಕೈ ಒಲೆಯ ತಿರುಪಿನ ಮೇಲಿತ್ತು. ಅದು ತಗ್ಗಿಸುವ ದಿಕ್ಕಿಗೆ ತಿರುಗಲಿಲ್ಲ. ಪೂರ್ತಿ ಉರಿ ಕೊಟ್ಟಳು. ಚಿತ್ರದುರ್ಗದ ಎತ್ತರದಲ್ಲಿ ನೀರು ನೂರರ ತನಕ ಹೋಗುವುದಿಲ್ಲ, ತೊಂಬತ್ತೇಳು ಚಿಲ್ಲರೆಗೇ ಕುದಿಯುತ್ತದೆ. ಆದರೆ ಹಸಿ ಹಿಟ್ಟು ಗಟ್ಟಿಯಾಗುವಾಗ ತನ್ನದೇ ಬಿಸಿಯನ್ನು ಹುಟ್ಟಿಸುತ್ತದೆ. ಎರಡೂ ಸೇರಿದರೆ ಒಳಗಿನ ದ್ರವವೇ ಕುದಿದು ಆವಿಯಾಗುತ್ತದೆ, ಹೊರಗೆ ಬರಲು ದಾರಿಯಿಲ್ಲದೆ ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ. ನಲವತ್ತು ನಿಮಿಷಕ್ಕೆ ಒಲೆ ಆರಿಸಿದಳು. ಆ ನಲವತ್ತು ನಿಮಿಷದಲ್ಲಿ ಪುಟ್ಟಕ್ಕನ ನೆನಪು ಅವಳಿಗೆ ಒಮ್ಮೆಯೂ ಬರಲಿಲ್ಲ. ಹುಡುಗಿಯ ಮುಖ ಒಂದೇ ಕಣ್ಣ ಮುಂದಿತ್ತು.

ಶನಿವಾರ ಡಬ್ಬಿ ಬಿಚ್ಚಿ, ಗಾರೆ ಬಿಡಿಸಿ, ಸೆಟ್ಟು ಹೊರಗೆ ತೆಗೆದರು. ಅದು ಹೊರಬರುವಾಗ ಅಚ್ಚು ಎಂದಿನಂತೆ ಪುಡಿಯಾಯಿತು. ಎಸ್ತರಮ್ಮ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ತೆಗೆದುಕೊಂಡರು. ಅಂಗುಳಿನ ದಪ್ಪ ಭಾಗದ ತುಂಬ ಗುಳ್ಳೆಗಳು, ದೋಸೆಯ ಒಳಮೈಯಂತೆ.

ಅನುಷಾ ಬಿಳಿಚಿಕೊಂಡಳು. "ನಾನು ಜೋಡ್ಸಿದ್ದು ಸರಿ ಇರ್ಲಿಲ್ವೇನೋ ಅಜ್ಜಿ."

"ಜೋಡ್ಸೋದಕ್ಕೂ ಗುಳ್ಳೆಗೂ ಸಂಬಂಧ ಇಲ್ಲ ಮಗಳೇ," ಅಂದರು ಎಸ್ತರಮ್ಮ.

ಆಗ ಏಕಾಂತಮ್ಮನಿಗೆ ತಾನು ಮಾಡಿದ್ದೇನೆಂದು ಮೊದಲ ಬಾರಿಗೆ ಪೂರ್ತಿ ಕಾಣಿಸಿತು. ಹುಡುಗಿಯ ಕೆಲಸ ಕೆಡಿಸಬೇಕೆಂದು ಹೊರಟವಳಿಗೆ ಕೆಡಿಸಲು ಬರುತ್ತಿದ್ದದ್ದು ತನ್ನ ಕೆಲಸ ಮಾತ್ರ. ಹಲ್ಲುಗಳ ಸಾಲು ಹುಡುಗಿ ಇಟ್ಟ ಹಾಗೆಯೇ, ಆ ಓರೆ ಕೋರೆಹಲ್ಲಿನ ಸಮೇತ, ಚೆಂದವಾಗಿ ನಗುತ್ತಿತ್ತು. ಗುಳ್ಳೆಗಳ ಮೇಲೆ ಮಾತ್ರ ಏಕಾಂತಮ್ಮನ ಹೆಸರು ಬರೆದಿತ್ತು.

ಥರ್ಮಾಮೀಟರು ಹಳೆಯದಾಯಿತೇನೋ, ಹೊಸದೊಂದು ತಾ ಎಂದು ಎಸ್ತರಮ್ಮ ಹುಡುಗಿಯನ್ನು ಅಂಗಡಿಗೆ ಕಳಿಸಿದರು. ಅವಳು ಹೋದ ಮೇಲೆ ಒಲೆಯ ಮೇಲೆ ನೀರಿಟ್ಟು, ಕುದಿ ಬಂದಾಗ ಹಳೆಯ ಥರ್ಮಾಮೀಟರನ್ನು ಅದರಲ್ಲಿ ಅದ್ದಿ, ಭೂತಗನ್ನಡಿಯಲ್ಲಿ ಓದಿದರು. ತೊಂಬತ್ತೇಳೂವರೆ. ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು. ಬಟ್ಟೆಯಿಂದ ಒರೆಸಿ ಗೂಟಕ್ಕೆ ನೇತುಹಾಕಿದರು. ಏಕಾಂತಮ್ಮ ನೆಲ ನೋಡುತ್ತ ನಿಂತಿದ್ದಳು. ಬೈದಿದ್ದರೆ ಎದುರು ಹೇಳಲು ಅವಳ ಹತ್ತಿರ ಆರು ತಿಂಗಳ ಮಾತು ಸಿದ್ಧವಿತ್ತು.

"ನಾಳೆ ರಾಮಗಿರಿಗೆ ಹೋಗು ಏಕಾಂತಿ," ಅಂದರು. "ತಿರುಗಿ ಅಚ್ಚು ತೆಗೀಬೇಕು ಅಂತ ಪುಟ್ಟಕ್ಕಂಗೆ ನೀನೇ ಹೇಳು."

ಭಾನುವಾರ ಪುಟ್ಟಕ್ಕ ಅಂಗಳದಲ್ಲಿ ಮದುವೆಯ ಅಕ್ಕಿ ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಏಕಾಂತಮ್ಮ ಥರ್ಮಾಮೀಟರಿನ ಸುಳ್ಳನ್ನೇ ಹೇಳುವುದೆಂದುಕೊಂಡಿದ್ದಳು. ಆದರೆ ಪುಟ್ಟಕ್ಕ ಅವಳ ಕೈಚೀಲವನ್ನೇ ನೋಡುತ್ತ, ಅದರೊಳಗೆ ಹಲ್ಲು ಇದೆಯೆಂದುಕೊಂಡು, ಸೆರಗಿನ ತುದಿಯಿಂದ ಬಾಯಿ ಒರೆಸಿ ಸಿದ್ಧಳಾಗಿ ಕೂತಳು. ಅದನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಹಲ್ಲು ಕೆಟ್ಟಿತು, ಕೆಡಿಸಿದ್ದು ತಾನೇ, ಕೆಲಸಕ್ಕೆ ಬಂದ ಒಬ್ಬ ಹುಡುಗಿಯ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಪುಟ್ಟಕ್ಕ ಮೊರ ಕೆಳಗಿಟ್ಟಳು. "ಅವಳ ಮ್ಯಾಲಿನ ಸಿಟ್ಟಿಗೆ ಅವಳ ಜಡೆ ಹಿಡಿದು ಎಳೀಬೇಕಿತ್ತು. ನನ್ನ ಹಲ್ಲು ಏನೇ ಮಾಡಿತ್ತು ನಿಂಗೆ?"

ಏಕಾಂತಮ್ಮ ಮೊರ ಎತ್ತಿಕೊಂಡು ಉಳಿದ ಅಕ್ಕಿ ಆರಿಸತೊಡಗಿದಳು.

ಸೋಮವಾರ ಇಬ್ಬರೂ ಹೊಳಲ್ಕೆರೆಯ ಬಸ್ಸು ಹತ್ತಿದರು. ಪುಟ್ಟಕ್ಕ ಊರು ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಶ್ರೀನಿವಾಸ್ ಮತ್ತೆ ಅಚ್ಚು ತೆಗೆದರು. ಬಾಯಿ ತೊಳೆದುಕೊಂಡು ಹೊರಗೆ ಬಂದ ಪುಟ್ಟಕ್ಕ, ಮದುವೆಗೆ ಹಲ್ಲು ಬಾರದಿದ್ದರೆ ಚಪ್ಪರದಡಿ ನಿಂತು ಯಾರು ಕೆಡಿಸಿದರೆಂದು ಊರಿಗೆಲ್ಲ ಹೇಳುವುದಾಗಿ ಎಚ್ಚರಿಸಿ ತನ್ನ ಬಸ್ಸು ಹತ್ತಿದಳು.

ಏಕಾಂತಮ್ಮ ಅಚ್ಚು ಹಿಡಿದು ಲ್ಯಾಬಿಗೆ ಬಂದಾಗ ಮಧ್ಯಾಹ್ನ. ಅನುಷಾ ಊಟಕ್ಕೆ ಹೋಗಿದ್ದಳು. ಅಚ್ಚನ್ನು ಕಿಟಕಿಯ ಮೇಲಿಟ್ಟು, ಎಸ್ತರಮ್ಮನ ಎದುರು ನಿಂತು, ಉರಿ ಜಾಸ್ತಿ ಮಾಡಿದ್ದು ತಾನೇ ಎಂದಳು.

ಗೊತ್ತಿದೆ ಎಂದರು ಅವರು.

"ನಿಮ್ಗೆ ಎಲ್ಲ ಗೊತ್ತಾಗುತ್ತೆ. ಹತ್ತೊಂಬತ್ತು ವರ್ಷ ಜೋಡ್ಸೋದು ಕಲೀಬೇಕು ಅಂತ ಕಾದೆ, ಅದೊಂದು ಗೊತ್ತಾಗಲಿಲ್ಲ." ಅಳಬಾರದೆಂದುಕೊಂಡಿದ್ದಳು, ದನಿ ಒಡೆಯಿತು. "ನಿನ್ನೆ ಮೊನ್ನೆ ಬಂದೋಳ್ನ ಕೂರ್ಸಿದ್ರಿ."

ಎಸ್ತರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: "ಅವಳು ಕೇಳಿದ್ಲು ಏಕಾಂತಿ. ಬಂದ ಮೂರ್ನೇ ದಿನ ಕೇಳಿದ್ಲು. ನೀನು ಒಂದು ದಿನಾನೂ ಕೇಳ್ಲಿಲ್ಲ."

ಆಗ ತಮ್ಮ ಕತೆ ಹೇಳಿದರು. ಅವರ ಮನೆತನದಲ್ಲಿ ಹಲ್ಲಿನ ವಿದ್ಯೆ ಗಂಡುಮಕ್ಕಳಿಗೆ ಮಾತ್ರ ಇತ್ತು. ಅಣ್ಣ ಕಲ್ಕತ್ತಕ್ಕೆ ಹೋದ ಮೇಲೆ ಎಸ್ತರಮ್ಮ ತಂದೆಗೆ ಚಹಾ ಕೊಟ್ಟು ಕಲಿಸು ಎಂದು ಕೇಳಿದ್ದರು. ಆತ ಆಗುವುದಿಲ್ಲ ಎಂದಿದ್ದರು. ಎರಡನೆಯ ಸಲವೂ ಆಗುವುದಿಲ್ಲ. ಮೂರನೆಯ ಸಲಕ್ಕೆ ಚಹಾ ಕುಡಿದು ಸ್ಟೂಲು ಬಿಟ್ಟುಕೊಟ್ಟಿದ್ದರು. ಕೇಳದವರಿಗೆ ಕಲಿಸಿದರೆ ಅದು ಬೆನ್ನ ಮೇಲೆ ಮೂಟೆ ಹೇರಿದಂತೆ ಎಂಬುದು ಆ ಮನೆಯ ಮಾತು. ಏಕಾಂತಮ್ಮನ ಮನೆಯ ಮಾತು ಬೇರೆ: ದೊಡ್ಡವರ ಕೈಯಲ್ಲಿರುವುದನ್ನು ಕೇಳಿದರೆ ದುರಾಸೆ, ಅವರಾಗಿ ಕೊಟ್ಟಾಗ ಕೈ ಚಾಚಬೇಕು. ಇಬ್ಬರೂ ತಮ್ಮ ತಮ್ಮ ಮರ್ಯಾದೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರು.

"ನೀವಾದ್ರೂ ಒಂದ್ಸಲ ಕೇಳಬೌದಿತ್ತು, ಬೇಕಾ ಅಂತ," ಅಂದಳು ಏಕಾಂತಮ್ಮ.

"ಕೇಳಬೌದಿತ್ತು. ಅದು ನನ್ನ ತಪ್ಪು." ಅವರು ತಪ್ಪಿಗೆ ಬೇರೆ ಬಣ್ಣ ಹಚ್ಚಲಿಲ್ಲ.

"ಈಗ ಕೇಳ್ತೀನಿ. ಕಲಿಸ್ರಿ."

ಎಸ್ತರಮ್ಮ ತಲೆ ಅಲ್ಲಾಡಿಸಿದರು. ಅವರ ಎರಡೂ ಕಣ್ಣಿನ ನೋಟದ ನಡುಭಾಗಕ್ಕೆ ಮಂಜು ಕವಿದಿತ್ತು. ಅಂಚು ಕಾಣುತ್ತದೆ, ನೋಡಬೇಕಾದದ್ದು ಕಾಣುವುದಿಲ್ಲ. ಆಪರೇಶನ್ನಿನಿಂದ ಹೋಗುವಂಥದಲ್ಲ ಎಂದು ವೈದ್ಯರು ಹೇಳಿದ್ದರು. ಅಷ್ಟು ಅವಸರದಲ್ಲಿ ಹುಡುಗಿಗೆ ಕಲಿಸಿದ್ದೂ ಅದಕ್ಕೇ. ಮಿಕ್ಕಿದ್ದ ದೃಷ್ಟಿಯನ್ನೆಲ್ಲ ಅವಳ ಕೈಗೆ ಹಾಕಿ ಮುಗಿದಿತ್ತು. ಇನ್ನು ಕಲಿಯಬೇಕೆಂದರೆ ಏಕಾಂತಮ್ಮ ಕೇಳಬೇಕಾದ್ದು ಅನುಷಾಳನ್ನು.

ಅದೊಂದು ಮಾತ್ರ ಆಗದು ಎಂದು ಏಕಾಂತಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದಳು.

ಆ ವಾರ ಅನುಷಾ ಪುಟ್ಟಕ್ಕನ ಸೆಟ್ಟನ್ನು ಮತ್ತೆ ಜೋಡಿಸಿದಳು, ಕೋರೆಹಲ್ಲನ್ನು ಮತ್ತೆ ಓರೆ ಮಾಡಿದಳು. ಏಕಾಂತಮ್ಮ ಬೇಯಿಸಿದಳು. ಎರಡು ಗಂಟೆ ಒಲೆಯ ಮುಂದಿನಿಂದ ಏಳಲಿಲ್ಲ. ಗುಳ್ಳೆ ಗುಲಗಂಜಿಯಷ್ಟೂ ಇರಲಿಲ್ಲ. ಮದುವೆಗೆ ಎರಡು ದಿನ ಮುಂಚೆ ಶ್ರೀನಿವಾಸ್ ಹಲ್ಲು ಕೂರಿಸಿದರು. ಚಪ್ಪರದಡಿ ಪುಟ್ಟಕ್ಕ ಸೆರಗು ಇಳಿಸಿ ಫೋಟೋಕ್ಕೆ ನಿಂತಾಗ ನೆಂಟರು ಹತ್ತಿರ ಬಂದು ನೋಡಿ, ಇವು ಅವಳವೇ ಹಲ್ಲು, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ ಎಂದು ನಗಾಡಿದರು. ಎಲ್ಲರೂ ಹೊಗಳುತ್ತಿದ್ದದ್ದು ಆ ಓರೆ ಕೋರೆಹಲ್ಲನ್ನು. ಏಕಾಂತಮ್ಮ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದಳು. ಅಂಗುಳು ಎಷ್ಟು ನಯವಾಗಿ ಬೆಂದಿದೆ ಎಂದು ನೋಡಲು ಯಾರೂ ಪುಟ್ಟಕ್ಕನ ಬಾಯೊಳಗೆ ಇಣುಕುವುದಿಲ್ಲವಲ್ಲ.

ಅಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ತನಗೆ ನಲವತ್ತೆಂಟು. ಕೇಳದೆ ಇನ್ನೂ ಹನ್ನೆರಡು ವರ್ಷ ಕೂರಬಹುದು. ಅಷ್ಟರಲ್ಲಿ ಹುಡುಗಿ ನೂರಾರು ಬಾಯಿಗಳನ್ನು ನಗಿಸಿರುತ್ತಾಳೆ, ತಾನು ಆ ಹಲ್ಲುಗಳನ್ನೆಲ್ಲ ಬೇಯಿಸುತ್ತಲೇ ಇರುತ್ತಾಳೆ. ಕೇಳಿದರೆ ಒಂದು ದಿನದ ಅವಮಾನ. ಲೆಕ್ಕ ಸರಳವಾಗಿತ್ತು. ಆದರೂ ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಒಳಗೆ ಹೋಗಿ ಚಹಾ ಮಾಡಿದಳು. ಒಂದು ಲೋಟ ಎಸ್ತರಮ್ಮನ ಮೇಜಿನ ಮೇಲಿಟ್ಟಳು. ಇನ್ನೊಂದನ್ನು ಹಿಡಿದು ಕಿಟಕಿಯ ಹತ್ತಿರ ಹೋಗಿ, ಹುಡುಗಿಯ ಮುಂದಿಟ್ಟು, ನನಗೂ ಜೋಡಿಸುವುದು ಹೇಳಿಕೊಡು ಎಂದಳು. ಮಾತು ಕೇಳಿದಂತಿರಲಿಲ್ಲ, ಗದರಿದಂತಿತ್ತು.

ಅನುಷಾ ಗಾಬರಿಯಾಗಿ ಎದ್ದು ನಿಂತಳು. "ನಾನಾ ಆಂಟಿ? ನಿಮ್ಗಾ?" ಎಂದು ಎಸ್ತರಮ್ಮನ ಕಡೆ ನೋಡಿದಳು. ಅವರು ಚಹಾ ಕುಡಿಯುತ್ತಿದ್ದರು, ಇತ್ತ ತಿರುಗಲಿಲ್ಲ. ಮೂರು ಸಲ ಕೇಳಬೇಕೆಂದು ಹುಡುಗಿಗೆ ಯಾರೂ ಹೇಳಿರಲಿಲ್ಲವಾಗಿ ಅವಳು ಒಂದಕ್ಕೇ ಒಪ್ಪಿ, ಸ್ಟೂಲು ಸರಿಸಿ ಕೊಟ್ಟಳು.

ಹಳೆಯದೊಂದು ಅಚ್ಚು, ಅದರ ಮೇಲೆ ಮೇಣದ ದಿಂಡು. ಮೊದಲು ಮೇಲಿನ ನಡುವಿನ ಎರಡು ಹಲ್ಲು ಎಂದಳು ಹುಡುಗಿ. ಏಕಾಂತಮ್ಮ ಚಾಕು ಕಾಯಿಸಿ, ಮೇಣ ಕರಗಿಸಿ, ಹಲ್ಲನ್ನು ನಿಲ್ಲಿಸಿದಳು. ಹತ್ತೊಂಬತ್ತು ವರ್ಷ ಕಣ್ಣಲ್ಲಿ ಮಾಡಿದ ಕೆಲಸ ಕೈಗೆ ಬರುವಾಗ ಬೇರೆಯೇ ಆಗಿತ್ತು. ಹಲ್ಲು ಕುಡಿದವನಂತೆ ಎಡಕ್ಕೆ ವಾಲಿತು.

"ತೆಗೀರಿ ಆಂಟಿ, ಓರೆ ಆಗೈತೆ."

ತೆಗೆದಳು. ಇಟ್ಟಳು. ಮತ್ತೆ ವಾಲಿತು. ಹುಡುಗಿ ತನ್ನ ಉದ್ದ ಬೆರಳು ಚಾಚಿ, ಒಂದೇ ಒತ್ತಿಗೆ ಅದನ್ನು ನೆಟ್ಟಗೆ ನಿಲ್ಲಿಸಿದಳು. ಏಕಾಂತಮ್ಮನ ಎದೆಯಲ್ಲಿ ಆ ಹಳೆಯ ಉರಿ ಭಗ್ಗೆಂದು ಎದ್ದಿತು. ಸ್ಟೂಲಿನಿಂದ ಏಳಬೇಕೆನ್ನಿಸಿತು. ಅವಳು ಏಳಲಿಲ್ಲ. ಹುಡುಗಿ ನಿಲ್ಲಿಸಿದ ಹಲ್ಲನ್ನು ಚಾಕುವಿನಿಂದ ಕಿತ್ತು ಅಂಗೈಯಲ್ಲಿಟ್ಟು ಅವಳ ಮುಂದೆ ಚಾಚಿದಳು.

"ಇನ್ನೊಂದ್ಸಲ ತೋರ್ಸು," ಅಂದಳು. "ಈ ಸಲ ನಿಧಾನಕ್ಕೆ."